ಮಗಳ ಶರಬತ್ ಅಂಗಡಿ: ಡಬ್ಬಿಯಲ್ಲಿರುವುದೆಲ್ಲ ಲಾಭ ಅಂತಾಳೆ, ಏನು ಹೇಳಲಿ?

ತೋಟದಮನೆ (ಶಿರಸಿ ಕಡೆ)

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಸರ ಮಾಡಿಕೊಳ್ಳಬೇಡಿ. ಮನೆಯಲ್ಲಿ ಮೂರು ದಿನದಿಂದ ಇದೇ ಚರ್ಚೆ.

ನಮ್ಮದು ಶಿರಸಿ–ಯಲ್ಲಾಪುರ ರಸ್ತೆ ಬದಿಯ ಮನೆ. ಅಡಿಕೆ ತೋಟ ಇದೆ. ರಜೆ ಬಂತೆಂದರೆ ಸಹಸ್ರಲಿಂಗ ನೋಡಲು ಹೋಗುವ ಕಾರುಗಳು ನಮ್ಮ ಅಂಗಳದ ಮುಂದೆಯೇ ಹಾದು ಹೋಗುತ್ತವೆ. ಮಗಳಿಗೆ ಹನ್ನೊಂದು ವರ್ಷ. ನಮ್ಮಲ್ಲಿ ಹೆಣ್ಣುಮಕ್ಕಳನ್ನ ಕೂಸು ಅಂತೇವೆ, ಇಲ್ಲಿಯೂ ಹಾಗೇ ಬರೆಯುತ್ತೇನೆ. ಅವಳ ತಮ್ಮ, ಮಾಣಿಗೆ ಎಂಟು.

ಏಪ್ರಿಲ್ ಕೊನೆಗೆ ಹಿತ್ತಲಿನ ಮುರುಗಲು (ಕೋಕಂ, ಪುನರ್ಪುಳಿ ಅಂತಾರಲ್ಲ, ಅದೇ) ಮರದ ತುಂಬ ಹಣ್ಣು. ಕೂಸಿಗೆ ಅದನ್ನ ನೋಡಿಯೇ ತಲೆಗೆ ಬಂತು, ರಸ್ತೆ ಬದಿ ಶರಬತ್ ಮಾರೋಣ ಅಂತ. ನಾನು ಎರಡು ದಿನದ ಹುಚ್ಚು ಅಂದುಕೊಂಡೆ. ಆದರೆ ಅವಳು ಹಟ ಬಿಡಲಿಲ್ಲ. ಹಣ್ಣು ಆರಿಸಿ, ತೊಳೆದು, ಒಡೆದು ಬೀಜ ತೆಗೆದಳು. ಅಜ್ಜಿ ಹೇಳಿಕೊಟ್ಟ ಹಾಗೆ ಭರಣಿಯಲ್ಲಿ ಸಿಪ್ಪೆ ಒಂದು ಪದರ, ಸಕ್ಕರೆ ಒಂದು ಪದರ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ವಾರದ ಮಟ್ಟಿಗೆ ಬಿಸಿಲಿಗೆ ಇಟ್ಟಳು. ದಿನಕ್ಕೆ ಹತ್ತು ಸಲ ಬಟ್ಟೆ ಬಿಚ್ಚಿ ನೋಡೋದು, ಮತ್ತೆ ಕಟ್ಟೋದು. ಮನೆಯ ಕಂಬಗಳ ಮೇಲೆಲ್ಲ ಇನ್ನೂ ಕೆಂಪು ಬೆರಳಿನ ಗುರುತು ಇದೆ.

ಅಜ್ಜ ಶುರು ಮಾಡಲಿಕ್ಕೆ ಅಂತ 200 ರೂಪಾಯಿ ಕೊಟ್ಟರು. ಅದರಲ್ಲಿ ಕಾಗದದ ಲೋಟಕ್ಕೆ 150, ಬೋರ್ಡಿನ ಹಾಳೆ ಮತ್ತು ಬಣ್ಣದ ಪೆನ್ನಿಗೆ 40. ಉಳಿದ 10 ರೂಪಾಯಿ ಚಿಲ್ಲರೆ ಅಂತ ಡಬ್ಬಿಗೆ ಬಿತ್ತು. ಲೋಟಕ್ಕೆ 15 ರೂಪಾಯಿ ರೇಟು. ಒಂಬತ್ತು ದಿನ ಕೂತರು. ಬೋಣಿ ಮಾಡಿದ್ದು ಬೆಳಿಗ್ಗೆ ಸೊಸೈಟಿಗೆ ಹಾಲು ಕೊಡಲು ಹೋಗುವ ಪಕ್ಕದ ಮನೆಯವರು. ಒಟ್ಟು 124 ಲೋಟ ಹೋಯಿತು. ಅದರಲ್ಲಿ 7 ಲೋಟ ಉದ್ರಿ. ಮಾಣಿ ಸ್ಟೀಲ್ ಲೋಟದಲ್ಲಿ ಕುಡಿದದ್ದು ಲೆಕ್ಕಕ್ಕಿಲ್ಲ.

ಕೊನೆಯ ದಿನ ಸಂಜೆ ಜಗಲಿ ಮೇಲೆ ಡಬ್ಬಿ ಸುರುವಿ ಎಣಿಸಿದರು. 1765 ರೂಪಾಯಿ. ಕೂಸು ಕುಣಿದಾಡಿತು, "ಅಪ್ಪಯ್ಯ, 1765 ಲಾಭ!"

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಅಜ್ಜನ 200 ವಾಪಸ್ ಕೊಡಬೇಕಲ್ವಾ ಅಂದೆ. ಮುಖ ಸಣ್ಣ ಆಯಿತು. ಆಯಿಯ (ನಮ್ಮಲ್ಲಿ ಮಕ್ಕಳು ಅಮ್ಮನಿಗೆ ಆಯಿ ಅಂತಾರೆ) ಡಬ್ಬದಿಂದ ತೆಗೆದ ಸಕ್ಕರೆ 4 ಕೆಜಿ, ಕೆಜಿಗೆ 45ರ ಹಾಗೆ 180 ಅಂದೆ. ಜೀರಿಗೆ, ಏಲಕ್ಕಿ 40 ಅಂದೆ. ಹಣ್ಣಿಗೂ ಒಂದು ಬೆಲೆ ಇದೆ ಅನ್ನುವಷ್ಟರಲ್ಲಿ ಕಣ್ಣಲ್ಲಿ ನೀರು. "ಮರ ನಮ್ದೇ ಅಲ್ದಾ? ಸಕ್ರೆನೂ ನಮ್ದೇ ಅಲ್ದಾ?"

ಅಷ್ಟು ಹೊತ್ತಿಗೆ ಒಳಗಿನಿಂದ ನನ್ನ ಅಮ್ಮ ಬಂದರು. "ಎಂತದಾ, ಮಕ್ಕಳ ಹತ್ರ ಸಕ್ರೆ ದುಡ್ಡು ಕೇಳ್ತ್ಯಾ?" ಅಲ್ಲಿಗೆ ಸಭೆ ಮುಗಿಯಿತು. ಮನೆಯಲ್ಲಿ ಈಗ ನಾನೇ ಜಿಪುಣ. ಹೆಂಡತಿ ಮಾತ್ರ ಯಾವ ಕಡೆಯೂ ಇಲ್ಲ, ಸಕ್ಕರೆ ಡಬ್ಬ ಖಾಲಿ ಆಗಿದ್ದು ಅವಳದ್ದೇ ಆದರೂ.

ಈಗ ಹೇಳಿ. ಮನೆಯ ಸಾಮಾನಿಗೆ ಬೆಲೆ ಕಟ್ಟಿ ಮುರಿದುಕೊಳ್ಳಬೇಕಾ? ಹಾಗೆ ಮಾಡಿದರೆ ಮಗುವಿನ ಉಮೇದು ಹೋಗುತ್ತೆ ಅಂತ ಭಯ. ಬಿಟ್ಟರೆ ಡಬ್ಬಿಗೆ ಬಿದ್ದದ್ದೆಲ್ಲ ಲಾಭ ಅಂತ ತಿಳಿದು ಬೆಳೆಯುತ್ತಾಳೆ. ಹಾಗೆ ತಿಳಿದು ಅಂಗಡಿ ಇಟ್ಟು ಮುಳುಗಿದ ದೊಡ್ಡವರನ್ನೇ ನೋಡಿದ್ದೇನೆ.

---

ಅಳ್ವೆಕೋಡಿ ಈರುಳ್ಳಿ (ಕುಮಟಾ)

ನಿಮ್ಮ ಕೂಸಿನ ಕಥೆ ಓದಿ ನನ್ನ ಬಾಲ್ಯ ನೆನಪಾಯಿತು. ನಾನು ಹುಟ್ಟಿದ್ದೇ ಹೆದ್ದಾರಿ ಬದಿ ಅಂದರೂ ಸೈ. ಆಗ ಅದು 17ನೇ ನಂಬರು, ಈಗ 66. ಬೇಸಿಗೆಯಲ್ಲಿ ಕುಮಟಾ ದಾಟುವಾಗ ರಸ್ತೆ ಬದಿ ಈರುಳ್ಳಿ ಗೊಂಚಲು ತೂಗು ಹಾಕಿರುತ್ತಾರಲ್ಲ, ಜಡೆ ಹೆಣೆದ ಹಾಗೆ, ಅಂಥ ಒಂದು ಚಪ್ಪರದ ಕೆಳಗೆ ನನ್ನ ರಜೆಗಳೆಲ್ಲ ಕಳೆದದ್ದು.

ನಮ್ಮದು ಸ್ವಂತ ಗದ್ದೆ ಅಲ್ಲ. ಅಮ್ಮ ಬೆಳೆದವರ ಹತ್ತಿರ ರಖಂ ತರುತ್ತಿದ್ದಳು. ದಿನಕ್ಕೆ 20 ಗೊಂಚಲು, ಒಂದಕ್ಕೆ 12 ರೂಪಾಯಿ. ನಾವು 20ಕ್ಕೆ ಮಾರೋದು. ಕಾರಿನವರು ಚೌಕಾಸಿ ಮಾಡಿದರೆ 18. ಮೊದಲು ಬಂದ 240 ರೂಪಾಯಿ ಅಮ್ಮನ ಸೆರಗಿನ ಗಂಟಿಗೆ ಹೋಗುತ್ತಿತ್ತು. ಅದು ಹುಟ್ಟುವ ತನಕ ನಮಗೆ ಒಂದು ಐಸ್‌ಕ್ಯಾಂಡಿಯೂ ಇಲ್ಲ. ಹನ್ನೆರಡು–ಹದಿಮೂರು ಗೊಂಚಲು ಹೋದ ಮೇಲೆ ಅಮ್ಮ "ಅಸಲು ಹುಟ್ಟಿತು" ಅನ್ನುತ್ತಿದ್ದಳು. ಆಮೇಲೆ ಬಂದದ್ದು ತಗಡಿನ ಡಬ್ಬಿಗೆ. ನನಗೆ ಲಾಭ ಅನ್ನೋ ಶಬ್ದ ಗೊತ್ತಾಗುವ ಮೊದಲೇ ಗಂಟು ಯಾವುದು, ಡಬ್ಬಿ ಯಾವುದು ಅನ್ನೋದು ಗೊತ್ತಿತ್ತು.

ಒಂದು ಸಲ ಅಮ್ಮನಿಗೆ ಜ್ವರ, ಅಂಗಡಿ ನನ್ನದು ಮತ್ತು ಅಣ್ಣನದು. ಮಧ್ಯಾಹ್ನದೊಳಗೆ 200 ರೂಪಾಯಿ ಚಿಲ್ಲರೆ ಆಯಿತು. ರಾಜರ ಹಾಗೆ ಬಜ್ಜಿ ತಿಂದೆವು, ಸೋಡಾ ಕುಡಿದೆವು, ಅಣ್ಣ ಒಂದು ಕ್ರಿಕೆಟ್ ಬಾಲ್ ತಂದ. ನಾಲ್ಕು ಗಂಟೆಗೆ ಮೋಡ ಕಟ್ಟಿ ಒಂದು ಅಡ್ಡಮಳೆ ಬಂತು. ಅರ್ಧ ಗೊಂಚಲು ಹಾಗೇ ಉಳಿಯಿತು. ಮರುದಿನ ಬೆಳಿಗ್ಗೆ ಈರುಳ್ಳಿ ತರಲು ದುಡ್ಡಿಲ್ಲ. ಅಮ್ಮ ಬೈಯಲಿಲ್ಲ. ಎದ್ದು ಕೂತು, "ಬಾಲ್ ಮಾರು, ಯಾರು ತಗೊಳ್ತಾರೆ ನೋಡುವ" ಅಂದಳು. ಅಣ್ಣ ಬಾಲನ್ನ ಗೆಳೆಯನಿಗೆ ಅರ್ಧ ಬೆಲೆಗೆ ಕೊಟ್ಟ.

ಹಾಗಾಗಿ ನನ್ನ ಮಾತು ಇಷ್ಟು. ಎಣಿಸಿ ಆದ ಮೇಲೆ ಕಿತ್ತುಕೊಂಡರೆ ಮಗು ಅಳದೆ ಏನು ಮಾಡುತ್ತೆ? ನೀವು ಒಂಬತ್ತು ದಿನ ಸುಮ್ಮನಿದ್ದು ಹತ್ತನೇ ದಿನ ಸಕ್ಕರೆ ನೆನಪು ಮಾಡಿದಿರಿ. ಮೊದಲ ದಿನವೇ ಎರಡು ಡಬ್ಬಿ ಇಡಬೇಕಿತ್ತು. ತಪ್ಪು ಕೂಸಿನದಲ್ಲ, ನಿಮ್ಮದು. ಬೇಜಾರು ಮಾಡಿಕೊಳ್ಳಬೇಡಿ.

---

ಗಣಿತದ ಮೇಷ್ಟ್ರು (ಅಂಕೋಲಾ ತಾಲೂಕು)

ನಾನು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವವನು. ನಮ್ಮಲ್ಲಿ ಮಕ್ಕಳ ಸಂತೆ ಅಂತ ಮಾಡುತ್ತೇವೆ, ಕೆಲವು ಕಡೆ ಮೆಟ್ರಿಕ್ ಮೇಳ ಅಂತಾರೆ. ಮಕ್ಕಳು ಮನೆಯಿಂದ ಬಸಳೆ, ಹರಿವೆ, ನಿಂಬೆಹಣ್ಣು, ತೆಂಗಿನಕಾಯಿ, ಅಬ್ಬಲಿಗೆ ದಂಡೆ ತಂದು ಶಾಲೆ ಅಂಗಳದಲ್ಲಿ ಮಾರುತ್ತಾರೆ. ಪಾಲಕರು ಬರುತ್ತಾರೆ, ಫೋಟೋ ಆಗುತ್ತೆ, ಎಲ್ಲರಿಗೂ ಖುಷಿ.

ಮೊದಲ ವರ್ಷ ನಾನು ಒಂದು ಚಂದ ನೋಡಿದೆ. ಒಬ್ಬ ತಾಯಿ ತನ್ನ ಹಿತ್ತಲಿನಲ್ಲಿ ತಾನೇ ಬೆಳೆದ ಬಸಳೆಯನ್ನ ಮಗನ ಹತ್ತಿರ 30 ರೂಪಾಯಿ ಕೊಟ್ಟು ಕೊಂಡು, ವಾಪಸ್ ಮನೆಗೆ ಒಯ್ದರು. ಹುಡುಗ ಪುಸ್ತಕದಲ್ಲಿ ಬರೆದ: ಲಾಭ 30. ಆ ದಿನ ಶಾಲೆಯಲ್ಲಿ ಯಾರಿಗೂ ನಷ್ಟ ಆಗಲಿಲ್ಲ. ನಷ್ಟವೇ ಆಗದ ಸಂತೆಯಲ್ಲಿ ಲಾಭ ಕಲಿಸೋದು ಹೇಗೆ ಅಂತ ನನಗೆ ತಲೆಬಿಸಿ.

ಮರುವರ್ಷ ಒಂದು ನಿಯಮ ಮಾಡಿದೆ. ಮನೆಯದ್ದಾದರೂ ಸರಿ, ಅಂಗಡಿಯಲ್ಲಿ ಅದಕ್ಕೆ ಎಷ್ಟು ಅಂತ ಕೇಳಿಕೊಂಡು ಬಂದು ಕೊಂಡ ಬೆಲೆಯ ಕಾಲಮಿನಲ್ಲಿ ಬರೆಯಬೇಕು. ದುಡ್ಡು ಯಾರಿಗೂ ಕೊಡೋದು ಬೇಡ, ಬರೆದರೆ ಸಾಕು. ಮತ್ತೆ, ಸ್ವಂತ ಮನೆಯವರು ಕೊಳ್ಳುವ ಹಾಗಿಲ್ಲ. ಪಾಲಕರಿಂದ ಗೊಣಗಾಟ ಬಂತು. ಆದರೆ ಸಂತೆಗೆ ಜೀವ ಬಂತು.

ಆ ವರ್ಷದ ಒಂದು ಲೆಕ್ಕ ನನಗೆ ಬಾಯಿಪಾಠ. ಏಳನೇ ಇಯತ್ತೆಯ ಹುಡುಗ 60 ನಿಂಬೆ ತಂದಿದ್ದ, ಒಂದಕ್ಕೆ 3 ರೂಪಾಯಿ. ಮಾರಿದ್ದು 5ಕ್ಕೆ. 48 ಹೋಯಿತು, 12 ಉಳಿಯಿತು. ಅವನ ಲೆಕ್ಕ: ಒಂದಕ್ಕೆ 2 ಲಾಭ, 48ಕ್ಕೆ 96. ಪುಸ್ತಕದ ಲೆಕ್ಕದಲ್ಲಿ ಅವನು ಯಾವಾಗಲೂ ಪೂರ್ತಿ ಅಂಕ ತೆಗೆಯುವವನು. ನಾನು ಕಿಸೆ ಎಣಿಸು ಅಂದೆ. 240 ಇತ್ತು. ಮನೆಯಿಂದ ಎಷ್ಟು ತಂದಿದ್ದೆ ಅಂದೆ. 180. ಹಾಗಾದರೆ 60 ಮಾತ್ರ ಬಂತಲ್ಲ, ಉಳಿದ 36 ಎಲ್ಲಿ? ಅವನು ಜೇಬು ತಡಕಿದ, ಚೀಲ ಕೊಡವಿದ, ಪಕ್ಕದ ಹುಡುಗನ ಕಡೆ ಅನುಮಾನದಿಂದ ನೋಡಿದ. ಕೊನೆಗೆ ಬುಟ್ಟಿಯಲ್ಲಿ ಉಳಿದ ನಿಂಬೆ ಕಂಡಿತು. "ಸರ್, ದುಡ್ಡು ಇಲ್ಲೇ ಕೂತಿದೆ!" ಮರುದಿನ ಆ ಹನ್ನೆರಡನ್ನೂ ಬಿಸಿಯೂಟದ ಅಡುಗೆಯವರಿಗೆ ಒಂದಕ್ಕೆ 2ರ ಹಾಗೆ ಕೊಟ್ಟು ಬಂದ. ಮೂರಕ್ಕೆ ಕೊಂಡದ್ದನ್ನ ಎರಡಕ್ಕೆ ಯಾಕೆ ಕೊಟ್ಟೆ ಅಂತ ಕೇಳಿದೆ. ಕೊಳೆತರೆ ಅದೂ ಇಲ್ಲವಲ್ಲ ಸರ್ ಅಂದ. ಅದು ನಮ್ಮ ಪಾಠದಲ್ಲೇ ಇಲ್ಲ.

ನಿಮ್ಮ ಪ್ರಶ್ನೆಗೆ: ಸಕ್ಕರೆ ಬೆಲೆ ಬರೆಯಿಸಿ. ಕಿತ್ತುಕೊಳ್ಳಬೇಡಿ.

---

ಸಿದ್ದಾಪುರದವನು (ಈಗ ಬೆಂಗಳೂರು)

ಹನ್ನೊಂದು ವರ್ಷದ ಮಗುವಿಗೆ ಇದೆಲ್ಲ ಎಂತಕ್ಕೆ ಮಾರಾಯ್ರೆ? ಇಲ್ಲಿ ನಮ್ಮ ಅಪಾರ್ಟ್‌ಮೆಂಟಿನಲ್ಲೂ ಇದೇ ಗೋಳು. ಮಕ್ಕಳು ಸ್ಟಾಲ್ ಹಾಕೋದು, ಅಪ್ಪ ಅಮ್ಮ ಲ್ಯಾಪ್‌ಟಾಪಿನಲ್ಲಿ ಲೆಕ್ಕ ಹಾಕೋದು. ನಾವು ಚಿಕ್ಕವರಿದ್ದಾಗ ಆಲೆಮನೆಗೆ ಹೋದರೆ ಹೊಟ್ಟೆ ಬಿರಿಯುವಷ್ಟು ಕಬ್ಬಿನಹಾಲು ಕುಡಿದು, ಬರುವಾಗ ಒಂದು ಗಿಂಡಿ ಮನೆಗೂ ತರುತ್ತಿದ್ದೆವು. ಯಾರೂ ಲೋಟ ಎಣಿಸಲಿಲ್ಲ. ನಮ್ಮ ಕಡೆಯವರಾಗಿ ನೀವು ರಸ್ತೆಯಲ್ಲಿ ಹೋಗುವವರಿಗೆ ಬಾಯಾರಿಕೆಗೆ 15 ರೂಪಾಯಿ ತೆಗೆದುಕೊಳ್ಳೋದೇ ನನಗೆ ಒಂಥರಾ. ಅದರ ಮೇಲೆ ಬಾಲ ಕಾರ್ಮಿಕ ಕಾಯ್ದೆ ಅಂತ ಒಂದು ಇದೆ, ಗೊತ್ತಿರಲಿ.

---

ಗಣಿತದ ಮೇಷ್ಟ್ರು (ಅಂಕೋಲಾ ತಾಲೂಕು)

ಕಾಯ್ದೆ ವಿಷಯ ಬಂತು ಅಂತ ಒಂದು ಮಾತು. 1986ರ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಗಿದೆ. 14 ವರ್ಷದೊಳಗಿನ ಮಕ್ಕಳನ್ನ ಕೆಲಸಕ್ಕೆ ಇಟ್ಟುಕೊಳ್ಳೋದು ಅಪರಾಧ. ಆದರೆ ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ, ಅಪಾಯ ಇಲ್ಲದ ಮನೆಯ ಕಸುಬಿಗೆ ಕೈಜೋಡಿಸಬಹುದು. ಮುರುಗಲು ಶರಬತ್ತಿನಲ್ಲಿ ಅಪಾಯ ಅಂದರೆ ಅಂಗಿಗೆ ಕಲೆ ಆಗೋದು ಒಂದೇ. ರಸ್ತೆಗೆ ತೀರಾ ಹತ್ತಿರ ಕೂರಿಸಬೇಡಿ, ಅಷ್ಟೇ.

---

ಬೈತಕೋಲ್ (ಕಾರವಾರ)

ನನ್ನ ಅಮ್ಮ ಮೀನು ಮಾರುತ್ತಿದ್ದಳು. ಈಗ ನಾನು ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತೇನೆ. ಎರಡೂ ಕಡೆಯ ಅನುಭವದಿಂದ ಬರೆಯುತ್ತಿದ್ದೇನೆ.

ಸಿದ್ದಾಪುರದವರೇ, ನಮ್ಮಮ್ಮ ದಿನವೂ ಬರುವ ಗಿರಾಕಿಗೆ ಒಂದು ಬಂಗಡೆ ಮೇಲಿಂದ ಹಾಕುತ್ತಿದ್ದಳು. ಲೆಕ್ಕ ಗೊತ್ತಿಲ್ಲದೆ ಅಲ್ಲ. ಎಷ್ಟು ಹಾಕಿದರೆ ತನಗೆ ಹೊರೆ ಆಗಲ್ಲ ಅಂತ ಗೊತ್ತಿದ್ದೇ ಹಾಕುತ್ತಿದ್ದಳು. ಆಲೆಮನೆಯವರೂ ಲೋಟ ಎಣಿಸದೆ ಕೊಟ್ಟರು ನಿಜ, ಬೆಲ್ಲದ ಡಬ್ಬ ಎಣಿಸದೆ ಕೊಟ್ಟರಾ?

ಬೆಳಗಿನ ಜಾವ ಬೈತಕೋಲ ಬಂದರಿನಲ್ಲಿ ಹರಾಜು. ಅಮ್ಮ ಒಂದು ಬುಟ್ಟಿ ಹಿಡಿಯುತ್ತಿದ್ದಳು. ಮೇಲೆ ಐಸು, ಟೆಂಪೋ ಬಾಡಿಗೆ, ಕೂರುವ ಜಾಗದ ಸುಂಕ. ಬೆಳಿಗ್ಗೆ ರೇಟು ಅವಳ ಕೈಯಲ್ಲಿ. ಮಧ್ಯಾಹ್ನ ಒಂದು ಗಂಟೆ ಮೇಲೆ ಗಿರಾಕಿಯ ಕೈಯಲ್ಲಿ. ಮೀನಿನ ಕಣ್ಣು ಮಂಕಾಗುತ್ತಾ ಬಂದ ಹಾಗೆ ಅಮ್ಮ ಪಾಲು ದೊಡ್ಡದು ಮಾಡುತ್ತಾ ಹೋಗುತ್ತಿದ್ದಳು, ಐದರ ಜಾಗದಲ್ಲಿ ಏಳು, ಆಮೇಲೆ ಒಂಬತ್ತು. ಅಸಲಿಗಿಂತ ಕಡಿಮೆಗೆ ಕೊಡುವ ಹೊತ್ತು ಯಾವುದು ಅಂತ ನನಗೆ ಅವಳ ದನಿಯಲ್ಲೇ ಗೊತ್ತಾಗುತ್ತಿತ್ತು. ಕೂಗುವುದು ನಿಲ್ಲಿಸಿಬಿಡುತ್ತಿದ್ದಳು. ಬಂದವರಿಗೆ ಮೆಲ್ಲಗೆ, "ತಕೊಂಡು ಹೋಗಿ" ಅಷ್ಟೇ.

ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. 61 ದಿನ. ಆ ದಿನಗಳಲ್ಲಿ ಅಮ್ಮ ಒಣಮೀನು ಮಾರುತ್ತಿದ್ದಳು, ಅದೂ ಬೇಸಿಗೆಯಲ್ಲಿ ದುಡ್ಡು ಹಾಕಿ ಒಣಗಿಸಿ ಇಟ್ಟದ್ದು. ಮೇ ತಿಂಗಳಲ್ಲಿ ಕೈ ತುಂಬ ದುಡ್ಡು ಇದ್ದಾಗಲೂ ನಾನು ಹೊಸ ಚಪ್ಪಲಿ ಕೇಳಿದರೆ ಆಗಸ್ಟ್ ಬರಲಿ ಅನ್ನುತ್ತಿದ್ದಳು. ಆಗ ಅದು ನನಗೆ ಜಿಪುಣತನ ಅನಿಸಿತ್ತು. ನಿಮ್ಮ ಕೂಸಿಗೆ ನೀವು ಕಂಡ ಹಾಗೆ.

ಈಗ ನಿಮ್ಮ ಲೆಕ್ಕ. ನೀವೂ ಕೂಸೂ ಇಬ್ಬರೂ ಗಡಿಬಿಡಿ ಮಾಡಿದ್ದೀರಿ. 124 ಲೋಟಕ್ಕೆ 15ರ ಹಾಗೆ 1860. ಲೋಟ, ಬೋರ್ಡು 190. ಸಕ್ಕರೆ, ಜೀರಿಗೆ 220. ಹಣ್ಣಿನ ಬೆಲೆ ಬಿಟ್ಟರೆ ಲಾಭ 1450. ಆದರೆ ಡಬ್ಬಿಯಿಂದ ಅಜ್ಜನ 200 ಮತ್ತು ಆಯಿಯ 220 ಕೊಟ್ಟರೆ ಉಳಿಯೋದು 1345. ಮಧ್ಯದ 105 ಉದ್ರಿಯಲ್ಲಿದೆ. ಲಾಭ ಬೇರೆ, ಡಬ್ಬಿಯಲ್ಲಿ ಕುಣಿಯುವ ದುಡ್ಡು ಬೇರೆ. ಅದನ್ನ ಉದ್ರಿಯ ಏಳು ಲೋಟ ಎದುರಿಗೆ ಇಟ್ಟು ತೋರಿಸಿ, ಬೇಗ ತಲೆಗೆ ಹತ್ತುತ್ತೆ.

ಮೊದಲ ಭರಣಿಯ ಸಕ್ಕರೆ ಬಿಟ್ಟುಬಿಡಿ. ಅದು ಮನೆ ಹಾಕಿದ ಬಂಡವಾಳ. ಯಾರಿಗಾದರೂ ಮೊದಲ ಕೈ ಯಾರೋ ಕೊಟ್ಟಿರುತ್ತಾರೆ. ಅಮ್ಮನಿಗೆ ಮೊದಲ ಬುಟ್ಟಿಯ ದುಡ್ಡು ಕೊಟ್ಟಿದ್ದು ನನ್ನ ಸೋದರತ್ತೆ. ಎರಡನೇ ಭರಣಿಗೆ ಮಾತ್ರ ಒಂದು ಚಮಚ ಸಕ್ಕರೆಯೂ ಅಡುಗೆಮನೆಯಿಂದ ಬರಬಾರದು. ಡಬ್ಬಿ ದುಡ್ಡಿನಲ್ಲಿ ಅಂಗಡಿಗೆ ಹೋಗಿ ಅವಳೇ ತರಲಿ. ನೀವು ಏನೂ ಹೇಳಬೇಕಾಗಿಲ್ಲ.

ಕೊನೆಗೆ ನಿಮಗೇ ಒಂದು ಪ್ರಶ್ನೆ. ಅಡಿಕೆ ಬೆಳೆಗಾರರು ಅಂದಿರಿ. ರಾತ್ರಿ ಹನ್ನೊಂದರ ತನಕ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವ ನಿಮ್ಮ ಹೆಂಡತಿಯ ಕೂಲಿಯನ್ನ ತೋಟದ ಖರ್ಚಿನಲ್ಲಿ ಎಲ್ಲಿ ಬರೆದಿದ್ದೀರಿ?

---

ತೋಟದಮನೆ (ಶಿರಸಿ ಕಡೆ)

ತಿಂಗಳು ಕಳೆದು ಬರೆಯುತ್ತಿದ್ದೇನೆ. ಎಲ್ಲರಿಗೂ ಉತ್ತರ ಕೊಡದೆ ಇದ್ದದ್ದಕ್ಕೆ ಕ್ಷಮಿಸಿ. ಬೈತಕೋಲ್ ಅವರ ಕೊನೆಯ ಪ್ರಶ್ನೆಗೆ ಎರಡು ದಿನ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ, ಆದರೆ ನಡೆದದ್ದು ಹೇಳುತ್ತೇನೆ.

ಮೊದಲು ಅಳ್ವೆಕೋಡಿಯವರಿಗೆ: ತಪ್ಪು ಒಪ್ಪಿಕೊಂಡೆ. ಕೂಸಿಗೂ ಹೇಳಿದೆ, ಮೊದಲೇ ಹೇಳಬೇಕಿತ್ತು ಅಂತ. ಅಜ್ಜನ 200 ಅವಳೇ ವಾಪಸ್ ಕೊಟ್ಟಳು. ಅಜ್ಜ ಬೇಡ ಬೇಡ ಅನ್ನುತ್ತಲೇ ಬನಿಯನ್ ಕಿಸೆಗೆ ಹಾಕಿಕೊಂಡರು. ಸಕ್ಕರೆ ದುಡ್ಡನ್ನ ಪುಸ್ತಕದಲ್ಲಿ ಬರೆದಳು, ಆಯಿ ಮಾಫಿ ಮಾಡಿದಳು ಅಂತ ಪಕ್ಕದಲ್ಲಿ ಷರಾ.

ಎರಡನೇ ಭರಣಿಗೆ ಅಂಗಡಿಗೆ ಹೋದಳು. ಮೊದಲು 4 ಕೆಜಿ ಸುರುವಿದವಳು ಈ ಸಲ 2 ಕೆಜಿ ಸಾಕು ಅಂದಳು. 90 ರೂಪಾಯಿ. ಲೋಟ 50. ಮನೆಗೆ ಬಂದ ಮೇಲೆ ಜೀರಿಗೆ ಬೇಕಲ್ಲ ಅಂದರೆ, "ಜೀರಿಗೆ ಬೇಡ, ಅದಕ್ಕೂ ದುಡ್ಡು." ನಾನು ಸುಮ್ಮನಿದ್ದೆ, ಈ ಸಲ ನಿಜವಾಗಿಯೂ. ಮೂರನೇ ದಿನ ಹಾಲಿನವರೇ ಕುಡಿದು, "ಕೂಸೇ, ಹೋದ ಸಲದ ರುಚಿ ಇಲ್ಲ" ಅಂದರು. ಅರ್ಧ ಲೋಟ ಬಿಟ್ಟು ಹೋದರು. ಆ ಅರ್ಧ ಲೋಟವನ್ನ ಅವಳು ಎಷ್ಟು ಹೊತ್ತು ನೋಡುತ್ತಾ ಕೂತಳು ಅಂದರೆ, ಇರುವೆ ಬಂತು. ಆಮೇಲೆ ಎದ್ದು ಹೋಗಿ ಡಬ್ಬಿಯಿಂದ 10 ರೂಪಾಯಿ ತೆಗೆದು ಆಯಿಯ ಕೈಗೆ ಕೊಟ್ಟು, ಜೀರಿಗೆ ಹುರಿದು ಪುಡಿ ಮಾಡಿಸಿಕೊಂಡು ಬಂದಳು.

ಒಂದು ಭಾನುವಾರ ಲೋಟಕ್ಕೆ 20 ಮಾಡಿ ನೋಡಿದಳು. ಕಾರಿನವರು ಬೋರ್ಡು ನೋಡಿ ಮುಂದೆ ಹೋದರು. ಮಧ್ಯಾಹ್ನ 20ನ್ನ ಹೊಡೆದು ಹಾಕಿ ಕೆಳಗೆ 15 ಬರೆದಳು. ಹೊಡೆದು ಹಾಕಿದ್ದು ಕಾಣುವ ಹಾಗೆ ಹಾಗೇ ಬಿಟ್ಟಳು. ಅವತ್ತು ಹೆಚ್ಚು ಹೋಯಿತು! ಇದನ್ನ ಯಾರು ಹೇಳಿಕೊಟ್ಟರೋ ನನಗೆ ಗೊತ್ತಿಲ್ಲ, ನಾನಂತೂ ಅಲ್ಲ.

ಮೇ ಕೊನೆಗೆ ಮಳೆ ಶುರು. ಒಟ್ಟು 38 ಲೋಟ ಹೋಗಿತ್ತು, 570 ರೂಪಾಯಿ. ಖರ್ಚು ಜೀರಿಗೆ ಸೇರಿ 150. 420 ಉಳಿಯಿತು. ಭರಣಿಯಲ್ಲಿ ಇನ್ನೂ ಒಂದಿಷ್ಟು ಇತ್ತು. ಮೇಷ್ಟ್ರ ನಿಂಬೆ ಕಥೆ ಓದಿ ಹೇಳಿದ್ದೆ, ಹಾಗಾಗಿ "ದುಡ್ಡು ಭರಣಿಯಲ್ಲಿ ಕೂತಿದೆ" ಅಂತ ಮನೆ ತುಂಬ ಹೇಳಿಕೊಂಡು ತಿರುಗಿದಳು. ಅದನ್ನ ಬಾಟಲಿಗೆ ತುಂಬಿ ಇಟ್ಟಿದ್ದಾಳೆ. ಮಳೆಗಾಲದಲ್ಲಿ ಯಾರೂ ಕೇಳಲ್ಲ, ದಸರೆಗೆ ಬರುವ ನೆಂಟರ ಮೇಲೆ ಅವಳ ಕಣ್ಣು.

ಈಗ ಅಡಿಕೆ ವಿಷಯ. ಒಂದು ಸಂಜೆ ಸೊಸೈಟಿಯ ಅಡಿಕೆ ಪಟ್ಟಿ ತೆಗೆದು ಅವಳ ಎದುರು ಇಟ್ಟೆ. ನಾನು ದೊಡ್ಡ ಮನುಷ್ಯನ ಹಾಗೆ ವಿವರಿಸಲು ಶುರು ಮಾಡಿದೆ. ಇದು ತೂಕ, ಇದು ರೇಟು, ಇದು ಹಮಾಲಿ, ಇದು ಸಾಲಕ್ಕೆ ಮುರಿದುಕೊಂಡದ್ದು. ಸಾಲ ತೀರಿಸಿದ್ದೂ ಖರ್ಚಾ ಅಂತ ಕೇಳಿದಳು. ಅಲ್ಲ, ತಂದದ್ದನ್ನ ವಾಪಸ್ ಕೊಟ್ಟದ್ದು, ಅಜ್ಜನ 200ರ ಹಾಗೆ ಅಂದೆ. ಥಟ್ಟನೆ ಹಿಡಿದಳು. ಆಮೇಲೆ ಇಬ್ಬರೂ ಕೂತು ತೋಟದ ಖರ್ಚು ಬರೆದೆವು. ಅಡಿಕೆ ಕೊನೆ (ಗೊನೆ) ಕೊಯ್ದ ಕೂಲಿ, ಗೊಬ್ಬರ, ಸೊಪ್ಪು ಹೊತ್ತದ್ದು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗಿನ ಮೈಲುತುತ್ತ, ಸುಣ್ಣ, ಹೊಡೆದವರ ಕೂಲಿ. ಅಡಿಕೆ ಸುಲಿಯಲು ಬಂದವರಿಗೆ ಕೆಜಿ ಲೆಕ್ಕದಲ್ಲಿ ಕೊಟ್ಟದ್ದು.

ಅಲ್ಲಿಗೆ ಬೆರಳಿಟ್ಟಳು. "ಆಯಿ ಸುಲಿದದ್ದು ಎಲ್ಲಿ ಬರದ್ದೆ?"

ನೋಡಿ, ಇದನ್ನ ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಈ ಚರ್ಚೆ ಅವಳಿಗೆ ತೋರಿಸಿಯೂ ಇಲ್ಲ. ಅದು ಮನೆ ಕೆಲಸ ಅಂದೆ. "ಸಕ್ರೆನೂ ಮನೆ ಸಕ್ರೆ ಆಗಿತ್ತು ಅಲ್ದಾ?" ಅಂದಳು. ನಾನು ನೀರು ಕುಡಿಯಲು ಎದ್ದು ಒಳಗೆ ಹೋದೆ. ಹೆಂಡತಿ ಅಡುಗೆಮನೆಯಲ್ಲಿ ದೋಸೆಗೆ ರುಬ್ಬುತ್ತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಏನೂ ಹೇಳಲಿಲ್ಲ. ಗ್ರೈಂಡರ್ ಆಫ್ ಮಾಡಿ ನನ್ನ ಮುಖ ನೋಡಿದಳು, ಅಷ್ಟೇ.

ಕೂಸು ಪುಸ್ತಕದಲ್ಲಿ ಒಂದು ಸಾಲು ಸೇರಿಸಿದ್ದಾಳೆ. "ಆಯಿ, ಅಡಿಕೆ ಸುಲಿದದ್ದು" ಅಂತ ಬರೆದು ಎದುರಿಗೆ ಜಾಗ ಖಾಲಿ ಬಿಟ್ಟಿದ್ದಾಳೆ. ಎಷ್ಟು ಕೆಜಿ ಅಂತ ಕೇಳಿ ತುಂಬುತ್ತಾಳಂತೆ. ಇದನ್ನ ನೋಡಿ ಮಾಣಿಯೂ ಬಂದ. ಒಂಬತ್ತು ದಿನ ಐಸು ತಂದುಕೊಟ್ಟ ಕೂಲಿ ಬೇಕಂತೆ. ಅವನು ಕುಡಿದ ಶರಬತ್ತಿಗೆ ಅದು ಸರಿಹೋಯಿತು ಅಂತ ಕೂಸಿನ ವಾದ. ಎಷ್ಟು ಲೋಟ ಅಂತ ಯಾರ ಹತ್ತಿರವೂ ಲೆಕ್ಕ ಇಲ್ಲ, ಜಗಳ ನಡೆಯುತ್ತಿದೆ.

---

ಅಳ್ವೆಕೋಡಿ ಈರುಳ್ಳಿ (ಕುಮಟಾ)

ಆ ಉದ್ರಿ 7 ಲೋಟದ ಕಥೆ ಏನಾಯಿತು? ನನಗೆ ಅದೇ ತಲೆಯಲ್ಲಿ ಉಳಿದಿದೆ.

---

ತೋಟದಮನೆ (ಶಿರಸಿ ಕಡೆ)

ಎರಡು ಲೋಟ ಬಸ್ಸಿನ ಕಂಡಕ್ಟರದ್ದು. ಕೂಸು ಶಾಲೆ ಶುರುವಾದ ಮೊದಲ ದಿನ ಬಸ್ಸು ಹತ್ತಿದವಳೇ ನೆನಪು ಮಾಡಿದಳು, 30 ರೂಪಾಯಿ ಕೊಟ್ಟರು. ಉಳಿದ ಐದು ಅಜ್ಜನದ್ದು. 75 ಬಾಕಿ. ಅಜ್ಜ "ನಾ ಕೊಟ್ಟ ಇನ್ನೂರು?" ಅಂತಾರೆ. ಅದು ವಾಪಸ್ ಕೊಟ್ಟಾಯ್ತು, ಬನಿಯನ್ ಕಿಸೆಯಲ್ಲಿ ಹಾಕಿಕೊಂಡದ್ದು ಎಲ್ಲರೂ ನೋಡಿದ್ದಾರೆ ಅಂತಾಳೆ ಕೂಸು. ಈಗ ಅಜ್ಜ ಪಿಂಚಣಿ ಬರಲಿ ಅಂತ ವಾಯಿದೆ ಕೇಳಿದ್ದಾರೆ.